ತೂಕದ ಚೀಟಿ

ಪಾರ್ಸೆಲ್ ಬಂದಾಗ ನಾನು ಮನೆಯಲ್ಲಿರಲಿಲ್ಲ. ಮಗಳು ಸಹಿ ಹಾಕಿ ತೆಗೆದುಕೊಂಡು ಟೀಪಾಯಿ ಮೇಲಿಟ್ಟಿದ್ದಳು. ಸಂಜೆ ಬಂದವನೇ ಶೂ ಕೂಡ ಬಿಚ್ಚದೆ ಅಡುಗೆಮನೆಯಿಂದ ಚಾಕು ತಂದು ಟೇಪು ಸೀಳಿದೆ. ಮೇಲೊಂದು ಪದರ ಹಳೇ ನ್ಯೂಸ್ ಪೇಪರು, ಅದರ ಕೆಳಗೆ ನಾನು ಎರಡು ವಾರದಿಂದ ಕಾಯುತ್ತಿದ್ದ ಮರ್ಫಿ ರೇಡಿಯೋ. ಮರದ ಮೈ, ಬಟ್ಟೆಯ ಮುಖ, ಹಳದಿಗೆ ತಿರುಗಿದ ಗಾಜಿನ ಮೇಲೆ ಸಾಲಾಗಿ ಊರುಗಳ ಹೆಸರು. ಫೋಟೋದಲ್ಲಿ ಇದ್ದದ್ದೇ. ಎರಡೂ ಕೈ ಹಾಕಿ ಬಲ ಬಿಟ್ಟು ಎತ್ತಿದೆ. ಎತ್ತಿದ ರಭಸಕ್ಕೆ ಅದು ನನ್ನ ಗಲ್ಲಕ್ಕೇ ಬಂದು ಬಡಿಯಿತು. ಅಷ್ಟು ಹಗುರ!

ಹಿಂದೆ ತಿರುಗಿಸಿದರೆ ರಟ್ಟಿನ ಮುಚ್ಚಳಕ್ಕೆ ಹೊಸ ಸ್ಕ್ರೂಗಳು. ಬಿಚ್ಚಿದೆ. ಒಳಗೆ ವಾಲ್ವ್ ಇಲ್ಲ, ಟ್ರಾನ್ಸ್‌ಫಾರ್ಮರ್ ಇಲ್ಲ, ಸ್ಪೀಕರ್ ಇಲ್ಲ. ಉಂಡೆ ಮಾಡಿ ತುರುಕಿದ ಇನ್ನಷ್ಟು ಪೇಪರು. ಮಗಳು ಇಣುಕಿ ನೋಡಿ, "ಅಪ್ಪಾ, ಇದು ರೇಡಿಯೋನಾ, ಪೇಪರ್ ಇಡೋ ಡಬ್ಬಾನಾ?" ಅಂದಳು. ನನ್ನ ಬಾಯಲ್ಲಿ ಉತ್ತರ ಇರಲಿಲ್ಲ. 6,200 ರೂಪಾಯಿ ಕೊಟ್ಟಿದ್ದೆ.

ಇದು 2023ರ ಶ್ರಾವಣದ ಮಾತು. ನಾನಿರುವುದು ಚಿಕ್ಕಬಳ್ಳಾಪುರದಲ್ಲಿ, ಅಪ್ಪ ಇರುವುದು ಶಿಡ್ಲಘಟ್ಟದ ಹತ್ತಿರದ ನಮ್ಮೂರಲ್ಲಿ. ನಾನು ಸಣ್ಣವನಿದ್ದಾಗ ನಮ್ಮನೆಯಲ್ಲಿ ಇಂಥದೇ ಒಂದು ರೇಡಿಯೋ ಇತ್ತು. ಆನ್ ಮಾಡಿದರೆ ಒಂದರ್ಧ ನಿಮಿಷ ಏನೂ ಕೇಳಿಸುತ್ತಿರಲಿಲ್ಲ, ವಾಲ್ವ್ ಬಿಸಿಯಾಗಬೇಕು, ಆಮೇಲೆ ನಿಧಾನಕ್ಕೆ ಎಲ್ಲಿಂದಲೋ ನಡೆದುಕೊಂಡು ಬಂದ ಹಾಗೆ ದನಿ ಬರುತ್ತಿತ್ತು. ಹುಳು ಸಾಕಣೆಯ ದಿನಗಳಲ್ಲಿ ರಾತ್ರಿ ಸೊಪ್ಪು ಹಾಕುವಾಗ ಅದೇ ಜೊತೆಗಾರ. ಒಂದು ವರ್ಷ ಹುಳುವಿಗೆ ರೋಗ ಬಿದ್ದು ಬೆಳೆ ಪೂರ್ತಿ ಹೋಯಿತು. ಅಪ್ಪ ಸೊಪ್ಪಿನ ಸಾಲ ತೀರಿಸಲು ರೇಡಿಯೋ ಕೊಟ್ಟುಬಿಟ್ಟರು. ಈಗ ಎಪ್ಪತ್ತೈದು ದಾಟಿದ ಅಪ್ಪನಿಗೆ ಅಂಥದ್ದೊಂದನ್ನು ತಂದುಕೊಡಬೇಕು ಅನ್ನೋದು ನನ್ನ ಹುಚ್ಚು. ಹಳೇ ಸಾಮಾನುಗಳನ್ನು ಹರಾಜು ಹಾಕುವ ಒಂದು ವೆಬ್‌ಸೈಟಿನಲ್ಲಿ ಕಣ್ಣಿಗೆ ಬಿತ್ತು. "ವಾಲ್ವ್ ರೇಡಿಯೋ, ಚಾಲನೆಯಲ್ಲಿದೆ" ಅಂತ ಬರೆದಿತ್ತು. ಕೂಗು ಶುರುವಾಗಿದ್ದು 2,500ಕ್ಕೆ.

ಹರಾಜಿನ ಹುಚ್ಚು ಅನುಭವಿಸಿದವರಿಗೇ ಗೊತ್ತು. ಕೊನೆಯ ಹತ್ತು ನಿಮಿಷದಲ್ಲಿ ಯಾರೋ ಒಬ್ಬ ನಾನು ಏರಿಸಿದಂತೆಲ್ಲ ಇನ್ನೂರು ಇನ್ನೂರು ಏರಿಸುತ್ತಾ ಹೋದ. ನಾನೂ ಬಿಡಲಿಲ್ಲ. ವಸ್ತುವಿನ ಆಸೆಗಿಂತ ಅವನ ಮೇಲಿನ ಹಟವೇ ಜಾಸ್ತಿಯಾಯಿತು. 6,200ಕ್ಕೆ ನಿಂತಿತು. ಗೆದ್ದೆ ಅಂದುಕೊಂಡು ಮಲಗಿದೆ. ಆ ಇನ್ನೊಬ್ಬನ ಖಾತೆ ತೆರೆದು ನೋಡುವ ಬುದ್ಧಿ ಬಂದದ್ದು ಡಬ್ಬ ಬಿಚ್ಚಿದ ಮೇಲೆ. ಆ ಖಾತೆ ಅಲ್ಲಿಯವರೆಗೆ ಕೂಗಿದ್ದೆಲ್ಲ ಇದೇ ಮಾರಾಟಗಾರನ ಸಾಮಾನಿಗೆ. ಕೊಂಡದ್ದು ಒಂದೂ ಇಲ್ಲ. ಅಂದರೆ ಮಾರುವವನೇ ಇನ್ನೊಂದು ಹೆಸರಲ್ಲಿ ಕೂತು ನನ್ನನ್ನು ಮೇಲಕ್ಕೆ ಏರಿಸಿದ್ದ ಅನ್ನೋ ಅನುಮಾನ. ಸಾಬೀತು ಮಾಡೋಕೆ ನನ್ನ ಕೈಲಿ ಏನೂ ಇರಲಿಲ್ಲ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ನೋಡಿಕೊಂಡು ಬೆಳೆದವನು ನಾನು. ಅಲ್ಲೂ ಈಗ ಇ-ಹರಾಜೇ. ಆದರೆ ಅಲ್ಲಿ ರೈತ ತನ್ನ ಷಡ್ಡಕನನ್ನು ನಿಲ್ಲಿಸಿ ರೇಟು ಏರಿಸೋಕೆ ಆಗಲ್ಲ. ಕೂಗುವ ಹಕ್ಕು ಲೈಸೆನ್ಸ್ ಇರುವ ರೀಲರುಗಳಿಗೆ ಮಾತ್ರ. ಗೂಡು ಕಣ್ಣೆದುರಿಗೇ ಇರುತ್ತೆ. ರೀಲರು ಬಂದು ಕೈ ಹಾಕುತ್ತಾನೆ, ನಾಲ್ಕು ಗೂಡು ಹಿಡಿದು ಕಿವಿ ಹತ್ತಿರ ಅಲ್ಲಾಡಿಸುತ್ತಾನೆ, ಹಿಸುಕಿ ಗಟ್ಟಿ ನೋಡುತ್ತಾನೆ, ಆಮೇಲೆ ಫೋನಿನಲ್ಲಿ ರೇಟು ಒತ್ತುತ್ತಾನೆ. ಬಂದ ರೇಟು ರೈತನಿಗೆ ಒಪ್ಪಿಗೆಯಾಗದಿದ್ದರೆ ಬೇಡ ಅನ್ನಬಹುದು. ಒಪ್ಪಿದರೆ ತೂಕ, ಚೀಟಿ, ದುಡ್ಡು. ನಾನೋ, ನೋಡದೆ, ಮುಟ್ಟದೆ, ಅಲ್ಲಾಡಿಸದೆ ಆರು ಸಾವಿರ ಕೊಟ್ಟಿದ್ದೆ.

ಮೊದಲ ದಿನ ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಮಾರಿದವನಿಗೆ ಸಿಟ್ಟಿನಲ್ಲಿ ಉದ್ದದ ಮೆಸೇಜು ಬರೆದೆ. ಮೋಸಗಾರ, ನಿನಗೆ ಒಳ್ಳೇದಾಗಲ್ಲ, ಪೊಲೀಸಿಗೆ ಕೊಡ್ತೀನಿ ಇತ್ಯಾದಿ. ಮರುದಿನ ತುಂಬಾ ವಿನಯದ ಉತ್ತರ ಬಂತು. "ಸಾರ್, ಏನೋ ಅದಲುಬದಲಾಗಿದೆ. ಅಮ್ಮನಿಗೆ ಹುಷಾರಿಲ್ಲ, ಆಸ್ಪತ್ರೆಯಲ್ಲಿದ್ದೀನಿ. ಹತ್ತು ದಿನ ಟೈಮ್ ಕೊಡಿ, ಖಂಡಿತ ಸರಿ ಮಾಡ್ತೀನಿ. ದಯವಿಟ್ಟು ಸೈಟಿನಲ್ಲಿ ದೂರು ಹಾಕಬೇಡಿ, ವಾಟ್ಸಾಪಿನಲ್ಲಿ ಮಾತಾಡೋಣ." ಓದಿ ನನಗೇ ನಾಚಿಕೆಯಾಯಿತು. ಪಾಪ, ಆಸ್ಪತ್ರೆಯಲ್ಲಿರುವವನಿಗೆ ಏನೆಲ್ಲ ಅಂದುಬಿಟ್ಟೆ ಅಂತ.

ಆ ರಾತ್ರಿ ಗೌರಿಬಿದನೂರಿನಿಂದ ಭಾವ ಫೋನ್ ಮಾಡಿದರು. ನಮ್ಮ ಭಾವ ರಿಟೈರ್ಡ್ ಹೈಸ್ಕೂಲು ಮೇಷ್ಟ್ರು. ಅವರ ತಾಲ್ಲೂಕಿನ ಹೊಸೂರು ಎಚ್. ನರಸಿಂಹಯ್ಯನವರ ಹುಟ್ಟೂರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನೇ ಪರೀಕ್ಷೆ ಮಾಡಲು ಸಮಿತಿ ಮಾಡಿದ ಎಚ್ಚೆನ್. ಭಾವ ಅವರ ಪರಮ ಭಕ್ತರು, ಎಚ್ಚೆನ್‌ಗೆ ಭಕ್ತರು ಇರಬಹುದಾದರೆ. ಮನೆಯಲ್ಲಿ ಹಾಲು ಉಕ್ಕಿದರೂ "ಸಾಕ್ಷಿ ಏನು?" ಅನ್ನೋ ಪೈಕಿ.

"ಅವನಮ್ಮ ಆಸ್ಪತ್ರೆಯಲ್ಲಿರೋದು ನಿಜಾನೇ ಇರಬಹುದು. ಅದಕ್ಕೂ ಡಬ್ಬದಲ್ಲಿ ರೇಡಿಯೋ ಇಲ್ಲದಿರೋದಕ್ಕೂ ಏನು ಸಂಬಂಧ?" ಅಂದರು ಭಾವ. "ದೂರು ಹಾಕೋಕೆ ಎಷ್ಟು ದಿನ ಇದೆ ನೋಡಿದೆಯಾ?"

ನೋಡಿರಲಿಲ್ಲ. ನೋಡಿದರೆ ಏಳು ದಿನ. ಆ ಸೈಟಿನಲ್ಲಿ ಕೊಂಡವನು ಕೊಟ್ಟ ದುಡ್ಡು ತಕ್ಷಣ ಮಾರಿದವನಿಗೆ ಹೋಗುವುದಿಲ್ಲ. ಸಾಮಾನು ತಲುಪಿದ ಮೇಲೆ ಏಳು ದಿನ ನಡುವೆ ನಿಂತಿರುತ್ತದೆ. ಅಷ್ಟರೊಳಗೆ ದೂರು ಬರದಿದ್ದರೆ ಅವನ ಖಾತೆಗೆ ಜಮಾ. ಅವನು ಕೇಳಿದ್ದು ಹತ್ತು ದಿನ! ಎಷ್ಟು ಚೆನ್ನಾಗಿ ಲೆಕ್ಕ ಹಾಕಿದ್ದ ನೋಡಿ. ಭಾವ ಅಂದರು, "ನೀನು ಬೈದು ಬರೆದಿದ್ದೀಯಲ್ಲ, ಅದರಲ್ಲಿ ಒಂದಾದರೂ ಸಾಕ್ಷಿ ಇದೆಯೇನಪ್ಪ? ಬೈಗುಳ ಯಾರು ಬೇಕಾದರೂ ಬರೀಬಹುದು. ಮೊದಲು ಜಾಹೀರಾತಿನ ಪುಟದ ಫೋಟೋ ತೆಗೆದು ಇಟ್ಕೊ. ನಾಳೆ ಅದು ಇರುತ್ತೋ ಇಲ್ವೋ."

ತೆಗೆದಿಟ್ಟುಕೊಂಡೆ. ಭಾವನ ಮಾತು ಸುಳ್ಳಾಗಲಿಲ್ಲ. ಎರಡು ದಿನ ಬಿಟ್ಟು ನೋಡಿದರೆ "ಚಾಲನೆಯಲ್ಲಿದೆ" ಅನ್ನೋ ಪದ ಹೋಗಿ "ಅಲಂಕಾರಕ್ಕೆ" ಅಂತ ಬಂದಿತ್ತು.

ಈ ನಡುವೆ ಚಿಂತಾಮಣಿಯ ಗೆಳೆಯನಿಗೆ ವಿಷಯ ಹೇಳಿದೆ. ಅವನು ನಕ್ಕ. ನಗುವ ಹಕ್ಕು ಅವನಿಗಿತ್ತು. ವರ್ಷದ ಹಿಂದೆ ಅವನೂ ಹೀಗೇ ಒಂದು ಹಳೇ ಕ್ಯಾಮೆರಾ ಕೂಗಿ ಗೆದ್ದಿದ್ದ. ಮಾರುವವನು "ಸೈಟಿಗೆ ಕಮಿಷನ್ ಯಾಕೆ ಕೊಡೋಣ ಅಣ್ಣ, ನೇರವಾಗಿ ಯುಪಿಐ ಮಾಡಿ, ಐನೂರು ಕಮ್ಮಿ ಮಾಡ್ಕೊಡ್ತೀನಿ" ಅಂದಿದ್ದನಂತೆ. ಇವನು ಐನೂರು ಉಳಿಸಿ ಹನ್ನೊಂದು ಸಾವಿರ ಕಳೆದುಕೊಂಡ. ಸೈಟಿನವರು "ನಮ್ಮ ಮೂಲಕ ದುಡ್ಡು ಬಂದಿಲ್ಲ, ನಾವೇನೂ ಮಾಡಕ್ಕಾಗಲ್ಲ" ಅಂದರು. ಸೈಬರ್ ವಂಚನೆಗೆ 1930 ಅಂತ ಒಂದು ನಂಬರ್ ಇದೆ. ದುಡ್ಡು ಹೋದ ತಕ್ಷಣ ಕರೆ ಮಾಡಿದರೆ, ಅದು ಖಾತೆಯಿಂದ ಖಾತೆಗೆ ಹಾರುವ ಮೊದಲೇ ಬ್ಯಾಂಕಿನವರು ತಡೆಹಿಡಿಯುವ ಸಾಧ್ಯತೆ ಇರುತ್ತೆ. ಇವನು ನಾಚಿಕೆಯಿಂದ ಮೂರು ದಿನ ಯಾರಿಗೂ ಹೇಳಲಿಲ್ಲ. ನಾಲ್ಕನೇ ದಿನ ಕರೆ ಮಾಡಿದಾಗ ಆ ಖಾತೆಯಲ್ಲಿ ಏನೂ ಉಳಿದಿರಲಿಲ್ಲ. "ನಿನ್ನ ದುಡ್ಡು ಇನ್ನೂ ಮಧ್ಯದಲ್ಲಿದೆ ಮಗಾ. ನೀನು ಪುಣ್ಯವಂತ. ನಾನು ಐನೂರು ರೂಪಾಯಿಗೆ ಆ ಮಧ್ಯಾನೇ ಮಾರ್ಕೊಂಡೆ" ಅಂದ.

ಆ 'ಮಧ್ಯ' ಅನ್ನೋದು ಎಷ್ಟು ದೊಡ್ಡದು ಅಂತ ಆವತ್ತು ಹೊಳೆಯಿತು. ನಮ್ಮ ದೇಶದಲ್ಲಿ ಆನ್‌ಲೈನ್ ಹರಾಜು ಹೊಸದೇನಲ್ಲ. 2000ದಲ್ಲಿ ಬಾಝೀ ಡಾಟ್ ಕಾಮ್ ಶುರುವಾಯಿತು, 2004ರಲ್ಲಿ ಅದನ್ನು ಅಮೆರಿಕದ ಇಬೇ ಕೊಂಡುಕೊಂಡಿತು, 2018ರಲ್ಲಿ ಇಬೇ ಇಂಡಿಯಾ ಬಾಗಿಲು ಹಾಕಿತು. ಅವರದ್ದೊಂದು 'ಪೈಸಾಪೇ' ಅನ್ನೋ ವ್ಯವಸ್ಥೆ ಇತ್ತು. ಅಲ್ಲೂ ಕೊಂಡವನ ದುಡ್ಡು ನೇರ ಮಾರಿದವನ ಜೇಬಿಗೆ ಬೀಳದೆ ನಡುವೆ ನಿಲ್ಲುತ್ತಿತ್ತು. ನಮ್ಮ ರೇಷ್ಮೆ ಗೂಡಿಗೆ 1959ರ ಕಾಯ್ದೆ ಸರ್ಕಾರಿ ಮಾರುಕಟ್ಟೆಯ ಬೇಲಿ ಹಾಕಿದ್ದೂ ಇಂಥದೇ ಕಾರಣಕ್ಕೆ. ಮಾರುವವನು, ಕೊಳ್ಳುವವನು ಇಬ್ಬರಿಗೂ ಸೇರದ ಒಂದು ಜಾಗ, ಒಂದು ತಕ್ಕಡಿ, ಒಂದು ಚೀಟಿ ಇರಬೇಕು. ಮಾರುಕಟ್ಟೆ ಹೊರಗೆ ಕದ್ದು ಮಾರಿ ದುಡ್ಡು ಬರದೆ ಅಲೆದ ರೈತರ ಕಥೆ ನಮ್ಮ ಕಡೆ ಊರಿಗೊಂದಿದೆ. ಅವರಿಗೂ ಸಿಕ್ಕಿದ್ದ ಆಸೆ ನಮ್ಮ ಚಿಂತಾಮಣಿಯವನದ್ದೇ, ನಾಲ್ಕು ಕಾಸು ಜಾಸ್ತಿ.

ಶನಿವಾರ ನಾನು ಮತ್ತೆ ಬರೆದೆ, ಈ ಸಲ ಬೈಯದೆ. ವಸ್ತು ಜಾಹೀರಾತಿನ ಪ್ರಕಾರ ಇಲ್ಲ, ದುಡ್ಡು ವಾಪಸ್ ಕೊಡಿ, ಡಬ್ಬ ಕಳಿಸುತ್ತೇನೆ ಅಂತ ಎರಡೇ ಸಾಲು. ವಿನಯ ಮಾಯವಾಯಿತು. "ನಾನು ಪೂರ್ತಿ ರೇಡಿಯೋನೇ ಕಳಿಸಿದ್ದೀನಿ. ಒಳಗಿನ ಸಾಮಾನು ನೀವೇ ತೆಗೆದುಕೊಂಡು ನನ್ನ ಮೇಲೆ ಹಾಕ್ತಾ ಇದ್ದೀರಿ. ಬಿಚ್ಚುವಾಗಿನ ವಿಡಿಯೋ ಇದೆಯಾ ನಿಮ್ಮ ಹತ್ರ?"

ಇರಲಿಲ್ಲ. ಶೂ ಬಿಚ್ಚುವಷ್ಟು ತಾಳ್ಮೆ ಇಲ್ಲದವನು ವಿಡಿಯೋ ಎಲ್ಲಿ ಮಾಡಿರುತ್ತೇನೆ? ಅದರ ಹಿಂದೆಯೇ ಇನ್ನೊಂದು ಮೆಸೇಜು. "ಜಗಳ ಬೇಡ ಸಾರ್. 3,100 ವಾಪಸ್ ಹಾಕ್ತೀನಿ. ನೀವು ಐದು ಸ್ಟಾರ್ ಕೊಟ್ಟು, ಒಳ್ಳೇದಾಗಿ ಎರಡು ಸಾಲು ಬರೆದುಬಿಡಿ. ಇಬ್ಬರಿಗೂ ನೆಮ್ಮದಿ."

ನಿಜ ಹೇಳುತ್ತೇನೆ, ಆ ರಾತ್ರಿ ನಾನು ಒಪ್ಪಿಕೊಳ್ಳುವವನಿದ್ದೆ. ಸಾಕ್ಷಿ ಇಲ್ಲ, ಪೂರ್ತಿ ಹೋಗುವುದಕ್ಕಿಂತ ಅರ್ಧ ಬಂದರೆ ಲಾಭ. ಹೆಂಡತಿಯೂ ಅದನ್ನೇ ಅಂದಳು, "ತಗೊಂಡು ಸುಮ್ಮನಾಗಿ, ನಿಮ್ಮ ಬಿಪಿ ಮಾತ್ರೆಗೇ ಅಷ್ಟಾಗುತ್ತೆ." ಆ ಮನುಷ್ಯನ ಪುಟ ತೆರೆದು ನೋಡಿದೆ. ನಲವತ್ತಕ್ಕೂ ಹೆಚ್ಚು ಸಾಮಾನು ಮಾರಾಟಕ್ಕಿದ್ದವು. ಗಡಿಯಾರ, ಗ್ರಾಮಫೋನು, ಇನ್ನೂ ಎರಡು ರೇಡಿಯೋ. ಕೆಳಗೆ ಸಾಲಾಗಿ ಐದೈದು ನಕ್ಷತ್ರ. "ಒಳ್ಳೆ ಮಾರಾಟಗಾರರು." "ನಂಬಿಕಸ್ಥರು." ನಾನು ಕೂಗುವ ಮುಂಚೆ ಇವನ್ನೇ ಓದಿ ಧೈರ್ಯ ತಂದುಕೊಂಡಿದ್ದೆ. ಅವುಗಳಲ್ಲಿ ಎಷ್ಟು ಅರ್ಧ ದುಡ್ಡಿಗೆ ಬರೆದವೋ! ನಾನು ಬರೆಯುವ ಎರಡು ಸಾಲನ್ನು ಓದಿ ಇನ್ಯಾರ ಮಗ ಇನ್ಯಾವ ಅಪ್ಪನಿಗೆ ರೇಡಿಯೋ ಕೂಗುತ್ತಾನೋ!

ಇಬೇ ಕಟ್ಟಿದ ಪಿಯರ್ ಒಮಿಡ್ಯಾರ್ 1995ರಲ್ಲಿ ತನ್ನ ಸೈಟಿನಲ್ಲಿ ಮೊದಲು ಮಾರಿದ್ದು ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್. ಕೆಟ್ಟಿದೆ ಅಂತ ಹೇಳಿಯೇ ಮಾರಿದ. 14 ಡಾಲರ್ 83 ಸೆಂಟಿಗೆ ಹೋಯಿತು. ಕೊಂಡವನು ಕೆಟ್ಟ ಲೇಸರ್ ಪಾಯಿಂಟರ್‌ಗಳನ್ನೇ ಕೂಡಿಡುವವನಂತೆ! ಜಗಳಗಳ ದೂರು ತನ್ನ ಹತ್ತಿರವೇ ಬರತೊಡಗಿದಾಗ ಅವನು 1996ರಲ್ಲಿ, ಕೊಂಡವರು ಮಾರಿದವರು ಒಬ್ಬರ ಬಗ್ಗೆ ಒಬ್ಬರು ಎಲ್ಲರಿಗೂ ಕಾಣುವಂತೆ ಬರೆಯುವ ಪದ್ಧತಿ ತಂದ. ಈಗ ನಾವು ಒತ್ತುವ ನಕ್ಷತ್ರಗಳಿಗೆಲ್ಲ ಅದೇ ಹಿರಿಯಜ್ಜ. ಅದರಲ್ಲೂ ತಕರಾರು ಹುಟ್ಟಿತು. ನೀನು ನನ್ನ ಬಗ್ಗೆ ಕೆಟ್ಟದ್ದು ಬರೆದರೆ ನಾನೂ ನಿನ್ನ ಬಗ್ಗೆ ಬರೀತೀನಿ ಅಂತ ಮಾರುವವರು ಹೆದರಿಸತೊಡಗಿದರು. ಕೊನೆಗೆ 2008ರಲ್ಲಿ, ಮಾರುವವರು ಕೊಳ್ಳುವವರ ಬಗ್ಗೆ ಕೆಟ್ಟದ್ದು ಬರೆಯುವ ಹಾಗಿಲ್ಲ ಅಂತ ನಿಯಮ ಬಂತು. ಹೆದರಿಸುವ ದಾರಿ ಮುಚ್ಚಿತು. ಕೊಂಡುಕೊಳ್ಳುವ ದಾರಿ ಇನ್ನೂ ತೆರೆದೇ ಇದೆ. ನನಗೆ 3,100ಕ್ಕೆ ಬಂದದ್ದು ಅದೇ.

ಭಾನುವಾರ ಡಬ್ಬವನ್ನು ಬೈಕಿನ ಹಿಂದೆ ಕಟ್ಟಿಕೊಂಡು ಊರಿಗೆ ಹೋದೆ. ಅಪ್ಪನಿಗೆ ರೇಡಿಯೋ ಅಂತೂ ಇಲ್ಲ, ಅದರ ಮುಖವನ್ನಾದರೂ ತೋರಿಸೋಣ ಅಂತ. ಅಪ್ಪ ಜಗಲಿ ಮೇಲೆ ಕೂತು ಅದನ್ನು ತೊಡೆ ಮೇಲಿಟ್ಟುಕೊಂಡು ಗಾಜು ಸವರಿದರು. ಒಳಗೆ ನೋಡಿದರು. ನಾನು ಕಥೆಯೆಲ್ಲ ಹೇಳಿದೆ, ಅರ್ಧ ದುಡ್ಡಿನ ಮಾತೂ ಸೇರಿಸಿ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ.

"ತೂಕ ಎಷ್ಟು ಬಂತೋ?"

"ಯಾವುದರದ್ದು?"

"ಪಾರ್ಸೆಲ್‌ದು. ತೂಕ ಹಾಕದೆ ಯಾವನಾದರೂ ಪಾರ್ಸೆಲ್ ತಗೊಂತಾನಾ? ಚೀಟಿ ಇರಬೇಕಲ್ಲ."

ಡಬ್ಬದ ಮೇಲೆ ಕೊರಿಯರ್‌ನವರ ಚೀಟಿ ಹಾಗೇ ಅಂಟಿಕೊಂಡಿತ್ತು. ಐದು ದಿನದಿಂದ ನನ್ನ ಕಣ್ಣೆದುರಿಗೇ ಇತ್ತು. ತೂಕ: 3.1 ಕೆಜಿ. ಅಪ್ಪ ನಕ್ಕುಬಿಟ್ಟರು. "ಈ ರೇಡಿಯೋನ ನಾನು ಹೆಗಲ ಮೇಲೆ ಹೊತ್ತು ತಂದವನು ಕಣೋ. ಏಳು ಕೆಜಿಗೆ ಒಂದು ಗ್ರಾಮೂ ಕಮ್ಮಿ ಇರಲ್ಲ. ಒಳಗಿರೋ ಟ್ರಾನ್ಸ್‌ಫಾರ್ಮರೇ ಒಂದು ಕಲ್ಲು ಇದ್ದಂಗೆ. ಅವನೇ ಮೂರು ಕೆಜಿಗೆ ದುಡ್ಡು ಕಟ್ಟಿ ಕಳಿಸಿದ್ದಾನೆ. ಇದಕ್ಕಿಂತ ಇನ್ನೇನು ಬೇಕು?"

ಹೌದಲ್ಲ! ವಿಡಿಯೋ ಇಲ್ಲದಿದ್ದರೇನು? ಡಬ್ಬ ಅವನ ಊರಿನಲ್ಲಿ ಹತ್ತುವಾಗಲೇ ಖಾಲಿ ಇತ್ತು ಅಂತ ಹೇಳುವ ಕಾಗದ, ಅವನ ದುಡ್ಡಿನಿಂದಲೇ, ನಮ್ಮಿಬ್ಬರಿಗೂ ಸೇರದ ಮೂರನೆಯವನು ಬರೆದ ಕಾಗದ, ನನ್ನ ಮನೆಯ ಟೀಪಾಯಿ ಮೇಲೇ ಇತ್ತು. ಜೀವನವೆಲ್ಲ ಗೂಡು ತೂಗಿಸಿ ಚೀಟಿ ಜೋಪಾನ ಮಾಡಿದವರಿಗೆ ಕಂಡದ್ದು ನನಗೆ ಕಂಡಿರಲಿಲ್ಲ.

ನಾನು ಖುಷಿಯಲ್ಲಿ ಆ ಮಾರಾಟಗಾರನನ್ನು ಬೈಯುತ್ತಿದ್ದೆ. ಕಳ್ಳ, ಇಂಥವರಿಗೆ ಹುಟ್ಟುಗುಣ ಅಂತೆಲ್ಲ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುಟ್ಟುಗುಣ ಏನೂ ಅಲ್ಲ. ನಾನೂ ಒಂದು ಸಲ ಮಾಡಿದ್ದೀನಿ" ಅಂದರು.

ನನಗೆ ಕೇಳಿಸಿದ್ದು ಸರಿಯೋ ಅಂತ ಅನುಮಾನ.

ರೇಡಿಯೋ ಮಾರಿದ ಮುಂದಿನ ಬೆಳೆಯಂತೆ. ಅದೂ ಅರ್ಧಕ್ಕರ್ಧ ಕೆಟ್ಟಿತ್ತು. ಚಂದ್ರಿಕೆಯಿಂದ ಬಿಡಿಸಿದ ಗೂಡಿನಲ್ಲಿ ಗಟ್ಟಿ ಗೂಡು ಬೇರೆ, ಜೊಳ್ಳು ಗೂಡು ಬೇರೆ ಮಾಡಿ, ಜೊಳ್ಳನ್ನು ಕಮ್ಮಿ ರೇಟಿಗೆ ಕೊಡಬೇಕು. ಅಪ್ಪ ಹಾಗೆ ಮಾಡಲಿಲ್ಲ. ಜೊಳ್ಳೆಲ್ಲ ತಳಕ್ಕೆ ಹಾಕಿ ಮೇಲೆ ಗಟ್ಟಿ ಗೂಡು ಹರಡಿದರು. ಆಗೆಲ್ಲ ಬಾಯಿ ಕೂಗಿನ ಹರಾಜು. ಗುರುತಿನ ರೀಲರೊಬ್ಬರು, ವರ್ಷಗಟ್ಟಲೆ ನಮ್ಮ ಗೂಡು ತಗೊಂಡಿದ್ದವರು, ನಂಬಿಕೆ ಮೇಲೆ ಮೇಲಷ್ಟೇ ಮುಟ್ಟಿ ಒಳ್ಳೇ ರೇಟಿಗೆ ಹಿಡಿದರು. ಗೂಡು ಬೇಯಿಸಿ ನೂಲು ಬಿಚ್ಚಿದಾಗ ಅವರಿಗೆ ಗೊತ್ತಾಗದೆ ಇರುತ್ತಾ? ಏಳೆಂಟು ಕೆಜಿ ಗೂಡಿಗೆ ಬರಬೇಕಾದ ಒಂದು ಕೆಜಿ ನೂಲಿಗೆ ಎಷ್ಟು ಗೂಡು ತಿಂದಿತೋ.

"ಜಗಳಕ್ಕೆ ಬಂದ್ರಾ?" ಅಂತ ಕೇಳಿದೆ.

"ಬಂದಿದ್ರೆ ಚೆನ್ನಾಗಿರ್ತಿತ್ತು" ಅಂದರು ಅಪ್ಪ. "ಬರಲಿಲ್ಲ. ಮುಂದಿನ ಬೆಳೆಗೆ ಹೋದಾಗ ನನ್ನ ಗೂಡಿನ ಹತ್ರ ಬಂದು ನಿಂತರು. ಏನೂ ಅನ್ನಲಿಲ್ಲ. ಎಲ್ಲರ ಮುಂದೆ ಅಂಗಿ ತೋಳು ಮಡಿಸಿ, ಮೊಣಕೈವರೆಗೂ ಕೈ ಇಳಿಸಿ, ತಳದಿಂದ ಒಂದು ಹಿಡಿ ತೆಗೆದು ನೋಡಿದರು. ಆ ಸಲ ಗೂಡು ಚೆನ್ನಾಗೇ ಇತ್ತು. ಆದರೂ ಹಾಗೇ ಬಿಟ್ಟು ಮುಂದಕ್ಕೆ ಹೋದರು. ಅವರ ಹಿಂದೆ ಬಂದವರೆಲ್ಲ ತಳಕ್ಕೇ ಕೈ ಹಾಕಿದರು. ಅವತ್ತು ಸಂಜೆವರೆಗೂ ಕೂತಿದ್ದೆ. ಕೊನೆಗೆ ಬಂದಷ್ಟಕ್ಕೆ ಕೊಟ್ಟು ಬಂದೆ. ನಿಮ್ಮಮ್ಮನಿಗೂ ಹೇಳಿರಲಿಲ್ಲ."

ನಾನೇನು ಹೇಳಲಿ? ಅಮ್ಮ ಹೋಗಿ ಆರು ವರ್ಷವಾಗಿತ್ತು. ಅಪ್ಪ ಗಾಜಿನ ಮೇಲಿನ ಊರುಗಳ ಹೆಸರನ್ನು ಬೆರಳಲ್ಲಿ ಸವರುತ್ತಾ, "ಆ ಅರ್ಧ ದುಡ್ಡು ತಗೊಬೇಡ. ಅವರು ಎಲ್ಲರ ಮುಂದೆ ಕೈ ಹಾಕದೆ ಹೋಗಿದ್ದಿದ್ದರೆ ನಾನು ಮತ್ತೆ ಮಾಡ್ತಿದ್ದೆ" ಅಂದರು.

ಅಕರ್ಲಾಫ್ ಅನ್ನೋ ಅಮೆರಿಕದ ಅರ್ಥಶಾಸ್ತ್ರಜ್ಞ 1970ರಲ್ಲಿ ಒಂದು ಲೇಖನ ಬರೆದ. ಮಾರುವವನಿಗೆ ಗೊತ್ತಿರುವ ಹುಳುಕು ಕೊಳ್ಳುವವನಿಗೆ ಗೊತ್ತಾಗದಿದ್ದರೆ ಸಂತೆ ಹೇಗೆ ಕೆಡುತ್ತದೆ ಅಂತ. ಅವನಿಗೆ 2001ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂದದ್ದು ಇಂಥ ಕೆಲಸಕ್ಕೇ. ಮುಖ್ಯ ಉದಾಹರಣೆ ಹಳೇ ಕಾರುಗಳದ್ದು. ಆದರೆ ಅದರಲ್ಲಿ ಭಾರತದ ಗೃಹಿಣಿಯೂ ಬರುತ್ತಾಳೆ. ಅಂಗಡಿಯವನು ಬೇಕಂತಲೇ ಸೇರಿಸಿದ, ಅಕ್ಕಿಯದೇ ಬಣ್ಣದ ಕಲ್ಲುಗಳನ್ನು ಅವಳು ಕೂತು ಆರಿಸಬೇಕು ಅಂತ. ಮೊರದಲ್ಲಿ ಅಕ್ಕಿ ಹರಡಿಕೊಂಡು ಕೂರುತ್ತಿದ್ದ ಅಮ್ಮನ ನೆನಪಾಗುತ್ತೆ ಅದನ್ನು ಓದಿದರೆ. ಅಮ್ಮನ ಆ ಸಮಯಕ್ಕೆ ಯಾರೂ ಬೆಲೆ ಕಟ್ಟಲಿಲ್ಲ. ಕಳ್ಳ ವ್ಯಾಪಾರದ ನಷ್ಟ ಮೋಸ ಹೋದವನದ್ದು ಮಾತ್ರ ಅಲ್ಲ ಅಂತಾನೆ ಅಕರ್ಲಾಫ್. ಪ್ರಾಮಾಣಿಕವಾಗಿ ಮಾರುವವನೂ ಸಂತೆ ಬಿಟ್ಟು ಹೋಗಬೇಕಾಗುತ್ತೆ. ಅಪ್ಪನ ಪಕ್ಕದಲ್ಲಿ ಅವತ್ತು ಕೂತಿದ್ದ ಬೇರೆ ರೈತರ ಗೂಡಿಗೂ ಜನ ತಳಕ್ಕೆ ಕೈ ಹಾಕಿರುತ್ತಾರೆ.

ಸೋಮವಾರ ಏಳನೇ ದಿನ. ಬೆಳಿಗ್ಗೆಯೇ ಚಿಕ್ಕಬಳ್ಳಾಪುರದ ಒಬ್ಬ ಹಳೇ ರೇಡಿಯೋ ರಿಪೇರಿಯವರ ಅಂಗಡಿಗೆ ಹೋದೆ. ಅವರ ಹತ್ತಿರ ಅಂಥದೇ ಒಂದು ಪೂರ್ತಿ ರೇಡಿಯೋ ಇತ್ತು. ಪಕ್ಕದ ಅಂಗಡಿಯ ತಕ್ಕಡಿ ಮೇಲಿಟ್ಟೆವು. 8 ಕೆಜಿ 200 ಗ್ರಾಂ. ನಮ್ಮದು ಇಟ್ಟೆವು. 2 ಕೆಜಿ 650 ಗ್ರಾಂ. ಎರಡರ ಫೋಟೋ, ಕೊರಿಯರ್ ಚೀಟಿಯ ಫೋಟೋ, ಜಾಹೀರಾತಿನ ಹಳೇ ಪುಟ, ತಿದ್ದಿದ ಪುಟ, ಐದು ಸ್ಟಾರ್ ಕೇಳಿದ ಮೆಸೇಜು, ಎಲ್ಲ ಸೇರಿಸಿ ಸೈಟಿನಲ್ಲಿ ದೂರು ಹಾಕಿದೆ. ಬರೆದದ್ದು ಒಟ್ಟು ಎಂಟು ಸಾಲು. ಭಾವ ಫೋನಿನಲ್ಲಿ ಓದಿಸಿಕೊಂಡು "ಈಗ ಸರಿಯಾಗಿದೆ, ಒಂದೂ ಬೈಗುಳ ಇಲ್ಲ" ಅಂದರು.

ಮಾರಾಟಗಾರ ಸೈಟಿನವರಿಗೆ ಬರೆದದ್ದು, ತಾನು ವ್ಯಾಪಾರಿಯಲ್ಲ, ಮನೆಯಲ್ಲಿದ್ದ ಹಳೇದು ಮಾರಿದವನು, ಕಾನೂನೆಲ್ಲ ತನಗೆ ಅನ್ವಯಿಸಲ್ಲ ಅಂತ. ಈ ಮಾತಿಗೆ ಒಂದಿಷ್ಟು ಆಧಾರ ಇದೆ, ಅದಕ್ಕೇ ಹೇಳುತ್ತಿದ್ದೇನೆ. 2020ರ ಇ-ಕಾಮರ್ಸ್ ನಿಯಮಗಳು, ಯಾರೋ ಒಬ್ಬ ತನ್ನ ಸ್ವಂತದ ವಸ್ತುವನ್ನು ಒಮ್ಮೆ ಮಾರಿದರೆ ಅವನಿಗೆ ಅನ್ವಯಿಸುವುದಿಲ್ಲ. ಆದರೆ ಅದನ್ನೇ ಕಸುಬಾಗಿ, ಕ್ರಮವಾಗಿ ಮಾಡುವವನಿಗೆ ಅನ್ವಯಿಸುತ್ತವೆ. ನಲವತ್ತು ಸಾಮಾನು ಮಾರಾಟಕ್ಕಿಟ್ಟವನ ಮನೆ ಮನೆಯಲ್ಲ, ಅಂಗಡಿ. ಆ ಪುಟದ ಫೋಟೋವನ್ನೂ ಕಳಿಸಿದೆ. ವಸ್ತು ಹೇಳಿದ ಹಾಗೆ ಇಲ್ಲದಿದ್ದರೆ ವಾಪಸ್ ತಗೊಳ್ಳಲ್ಲ, ದುಡ್ಡು ಕೊಡಲ್ಲ ಅನ್ನೋ ಹಾಗಿಲ್ಲ ಅಂತ ಅದೇ ನಿಯಮಗಳು ಹೇಳುತ್ತವೆ. ಸೈಟಿನವರ ಕುಂದುಕೊರತೆ ಅಧಿಕಾರಿ ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು.

ಅಲ್ಲೂ ಆಗದಿದ್ದರೆ 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದರಾಚೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಬಂದ ಮೇಲೆ ಮಾರಿದವನ ಊರಿಗೆ ಅಲೆಯಬೇಕಾಗಿಲ್ಲ. ನಾವು ವಾಸ ಮಾಡುವ ಜಿಲ್ಲೆಯಲ್ಲೇ, ಎರಡು ವರ್ಷದೊಳಗೆ ದೂರು ಕೊಡಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ನಾನು ಅಲ್ಲಿಗೆ ಹೋಗೋಕೂ ತಯಾರಾಗಿದ್ದೆ, ಕಾಗದವೆಲ್ಲ ಒಂದು ಫೈಲಿಗೆ ಹಾಕಿಟ್ಟಿದ್ದೆ. ಆ ಪ್ರಮೇಯ ಬರಲಿಲ್ಲ. ಹನ್ನೆರಡನೇ ದಿನ ಸೈಟಿನವರು ದುಡ್ಡು ವಾಪಸ್ ಮಾಡಿದರು. ಖಾಲಿ ಡಬ್ಬ ವಾಪಸ್ ಕಳಿಸಿದ ಕೊರಿಯರ್ ಖರ್ಚು ನನ್ನ ಮೇಲೆ ಬಿತ್ತು. ಕಳಿಸುವಾಗ ವಿಡಿಯೋ ಮಾಡಿದೆ, ತೂಕದ ಚೀಟಿಯನ್ನು ಎರಡೆರಡು ಸಲ ಓದಿ ಜೇಬಿಗಿಟ್ಟುಕೊಂಡೆ.

ಆಮೇಲೆ ಅವನ ಪುಟದಲ್ಲಿ ಒಂದು ನಕ್ಷತ್ರ ಕೊಟ್ಟು ಬರೆದೆ. "ಚಾಲನೆಯಲ್ಲಿರುವ ರೇಡಿಯೋ ಎಂದು ಹೇಳಿದ್ದರು. ಬಂದದ್ದು ಖಾಲಿ ಪೆಟ್ಟಿಗೆ. ಕೊರಿಯರ್ ಚೀಟಿಯಲ್ಲಿ ತೂಕ 3.1 ಕೆಜಿ. ದೂರು ಕೊಟ್ಟ ಮೇಲೆ ದುಡ್ಡು ವಾಪಸ್ ಬಂತು." ಮೋಸಗಾರ ಅಂತ ಬರೆಯಲಿಲ್ಲ. ಬರೆಯೋಕೆ ಕೈ ಬರಲಿಲ್ಲ ಅನ್ನಿ. ಜಗಲಿ ಮೇಲೆ ಕೂತಿದ್ದ ಅಪ್ಪನ ಮುಖ ಅಡ್ಡ ಬರುತ್ತಿತ್ತು. ಅಂಗಿ ತೋಳು ಮಡಿಸಿ ತಳಕ್ಕೆ ಕೈ ಹಾಕುವುದಷ್ಟೇ ನನ್ನ ಕೆಲಸ ಅನ್ನಿಸಿತು.

ಎರಡು ತಿಂಗಳು ಬಿಟ್ಟು ಸುಮ್ಮನೆ ಕುತೂಹಲಕ್ಕೆ ಆ ಸೈಟು ತೆರೆದೆ. ಅದೇ ಮರ್ಫಿ, ಗಾಜಿನ ಮೂಲೆಯಲ್ಲಿ ಅದೇ ಬಿರುಕು, ಮತ್ತೆ ಹರಾಜಿಗಿತ್ತು. ಈ ಸಲ ಬರೆದಿದ್ದು ಹೀಗೆ: "ಹಳೇ ರೇಡಿಯೋದ ಖಾಲಿ ಕ್ಯಾಬಿನೆಟ್. ಒಳಗೆ ಏನೂ ಇಲ್ಲ." ಹಿಂದಿನ ಭಾಗದ ಫೋಟೋ ಕೂಡ ಹಾಕಿದ್ದ. ಕೂಗು 900ಕ್ಕೆ ಶುರು. ಆಗಲೇ ಇಬ್ಬರು ಕೂಗಿದ್ದರು. ಖಾಲಿ ಪೆಟ್ಟಿಗೆಗೂ ಗಿರಾಕಿಗಳಿದ್ದಾರೆ. ರಿಪೇರಿಯವರು ಹೇಳಿದ್ದರು, ಒಳಗಿನ ಸಾಮಾನು ಇರುವವರು ಇಂಥ ಮೈ ಹುಡುಕಿಕೊಂಡು ಅಲೀತಾರೆ ಅಂತ.

ಅಪ್ಪನಿಗೆ ಫೋನ್ ಮಾಡಿ ಓದಿ ಹೇಳಿದೆ.

"ಮೊದಲೇ ಹಂಗೆ ಬರೆದಿದ್ರೆ ನಾವೇ ತಗೊಂತಿದ್ವಲ್ಲೋ" ಅಂದರು ಅಪ್ಪ. ಸ್ವಲ್ಪ ಹೊತ್ತು ಬಿಟ್ಟು, "ಎಷ್ಟಕ್ಕೆ ನಿಂತಿದೆ ಈಗ?" ಅಂತ ಕೇಳಿದರು.